ಪ್ರೊಬೇಷನ್ ಮತ್ತು ಪೆರೋಲ್: ರದ್ದತಿಗೆ ಮುನ್ನ ಅಹವಾಲು ಎಲ್ಲಿ?



ಬಾಂದ್ರಾದ ಪಾಲಿ ಹಿಲ್ ನಿವಾಸಿ, ಚಲನಚಿತ್ರ ನಟ ಸಂಜಯ್ ದತ್ ಅವರ ಪ್ರಕರಣದಲ್ಲಿ ಪ್ರೊಬೇಷನ್, ಪೆರೋಲ್ ಎಂಬ ಎರಡು ಶಬ್ದಗಳೂ ಕೇಳಿಬಂದವು. ಶಸ್ತ್ರಾಸ್ತ್ರ ಕಾಯಿದೆಯಡಿ ಅಪರಾಧಿಯೆನಿಸಿದ ಅವರು ಪ್ರೊಬೇಷನ್ ಕೋರಿದಾಗ 2007ರಲ್ಲಿ ಮುಂಬಯಿಯ ವಿಶೇಷ ನ್ಯಾಯಾಲಯವೂ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ನಿರಾಕರಿಸಿದವು. ಅನಂತರ ಯೆರವಡಾ ಕಾರಾಗೃಹದಿಂದ ಅವರಿಗೆ ಪೆರೋಲ್ ನೀಡಿದ್ದು ನ್ಯಾಯಾಲಯವಲ್ಲ, ಆಡಳಿತ. ಸೌಲಭ್ಯವನ್ನು ರದ್ದುಪಡಿಸುವಾಗಲೂ ಈ ವ್ಯತ್ಯಾಸವೇ ಮುಖ್ಯವಾಗುತ್ತದೆ.

1958ರ ಪ್ರೊಬೇಷನ್ ಅಧಿನಿಯಮದ 4ನೆಯ ಪ್ರಕರಣದಂತೆ, ಮರಣದಂಡನೆ ಅಥವಾ ಆಜೀವ ಕಾರಾವಾಸಕ್ಕೆ ಗುರಿಯಾಗದ ಅಪರಾಧಗಳಲ್ಲಿ ನ್ಯಾಯಾಲಯವು ಶಿಕ್ಷೆಯನ್ನು ಕೂಡಲೇ ವಿಧಿಸದೆ, 3 ವರ್ಷ ಮೀರದ ಅವಧಿಗೆ ಮುಚ್ಚಳಿಕೆ ಬರೆಸಿಕೊಂಡು ಅಪರಾಧಿಯನ್ನು ಬಿಡುಗಡೆ ಮಾಡಬಹುದು. ಉಡುಪಿಯ ಕಡೆಯಿಂದ ಬಂದು ಬಾಂದ್ರಾದ ಹೋಟೆಲೊಂದರಲ್ಲಿ ದುಡಿಯುವ ಯುವಕನೊಬ್ಬನು ಹೀಗೆ ಬಿಡುಗಡೆ ಹೊಂದಿದನೆನ್ನೋಣ. ವಾಸಸ್ಥಳ ಬದಲಿಸಬಾರದೆಂಬ ಷರತ್ತಿದ್ದರೂ, ತಾಯಿಯ ಕಾಯಿಲೆಯ ಸುದ್ದಿ ಕೇಳಿ ಆತನು ಊರಿನಲ್ಲಿಯೇ ತಿಂಗಳುಗಟ್ಟಲೆ ಉಳಿದುಬಿಟ್ಟನು. ಪರಿವೀಕ್ಷಣಾಧಿಕಾರಿಗೆ ಮೊದಲೇ ತಿಳಿಸಿದ್ದರೆ, ಷರತ್ತನ್ನು ಮಾರ್ಪಡಿಸುವಂತೆ ಅವರೇ ನ್ಯಾಯಾಲಯವನ್ನು ಕೋರಬಹುದಾಗಿತ್ತು. ತಿಳಿಸಲಿಲ್ಲವಾದ್ದರಿಂದ ವರದಿ ನ್ಯಾಯಾಲಯಕ್ಕೆ ಹೋಗುತ್ತದೆ. ಆಗ 9ನೆಯ ಪ್ರಕರಣದಂತೆ ವಾರಂಟು ಹೊರಡಬಹುದು, ಅಥವಾ ಆತನಿಗೂ ಜಾಮೀನುದಾರರಿಗೂ ಸಮನ್ಸು ಬರಬಹುದು. ಆದರೆ ವಿಚಾರಣೆ ನಡೆಸಿ, ಷರತ್ತು ಮುರಿದುದು ಮನದಟ್ಟಾದ ಬಳಿಕವೇ ಮುಂದಿನ ಕ್ರಮ. ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಬಹುದು. ಮೊದಲ ತಪ್ಪಾದರೆ 50 ರೂಪಾಯಿ ಮೀರದ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲೂಬಹುದು. ಈ ಮೊತ್ತ ಇಂದು ಹಾಸ್ಯಾಸ್ಪದವೆನಿಸೀತು. ಆದರೆ ಅದರ ಬದಲಿಗೆ ಕಾದಿರುವುದು ಸೆರೆಮನೆ. ವೈದ್ಯರ ದಾಖಲೆಯೊಡನೆ ಹಾಜರಾಗುವ ಬದಲು ಸಮನ್ಸು ಕಂಡು ತಲೆಮರೆಸಿಕೊಂಡವನು ಈ ಅವಕಾಶವನ್ನು ತಾನಾಗಿಯೇ ಕಳೆದುಕೊಳ್ಳುತ್ತಾನೆ.

ಪೆರೋಲ್ ಪಡೆದವನ ಸ್ಥಿತಿ ಬೇರೆ. ಆತನಿಗೆ ಶಿಕ್ಷೆ ಆಗಲೇ ವಿಧಿಸಲ್ಪಟ್ಟಿರುತ್ತದೆ. ಮಹಾರಾಷ್ಟ್ರದಲ್ಲಿ ಫರ್ಲೋ ಮತ್ತು ಪೆರೋಲ್ ನಿಯಮಗಳು ಇದಕ್ಕೆ ಆಧಾರ. ಷರತ್ತು ಮುರಿದರೆ ಆದೇಶವನ್ನು ರದ್ದುಗೊಳಿಸುವವರು ಅಧಿಕಾರಿಗಳು. 9ನೆಯ ಪ್ರಕರಣದಂತಹ ನ್ಯಾಯಾಲಯದ ವಿಚಾರಣೆ ಇಲ್ಲಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ಪೆರೋಲ್ ರದ್ದತಿಗೂ, ಮರುವರ್ಷ ಪ್ರೊಬೇಷನ್ ರದ್ದತಿಗೂ ವಿಚಾರಣೆ ಅಗತ್ಯವೆಂದಿತು; ನಮ್ಮಲ್ಲಿ ಇವೆರಡರ ದಾರಿ ಇನ್ನೂ ಬೇರೆಬೇರೆಯಾಗಿಯೇ ಇದೆ. ಗಡುವು ಮೀರಿ ಮರಳಿದ ಕೈದಿಯು ಗಳಿಸಿದ ಶಿಕ್ಷಾ ಮಾಫಿಯನ್ನು ಕಳೆದುಕೊಳ್ಳಬಹುದು, ಮೊಕದ್ದಮೆಯನ್ನೂ ಎದುರಿಸಬೇಕಾಗಬಹುದು. ವಿಸ್ತರಣೆಗೆ ಅರ್ಜಿ ಕೊಟ್ಟ ಮಾತ್ರಕ್ಕೆ ಅವಧಿ ವಿಸ್ತರಿಸಿತೆಂದು ಕುಟುಂಬದವರು ಭಾವಿಸಬಾರದು. ಆದೇಶ ಕೈಸೇರದಿದ್ದರೆ ಗಡುವಿನ ದಿನವೇ ಹಿಂದಿರುಗತಕ್ಕದ್ದು. ಕಾರಣ ಕೇಳಿ ನೋಟಿಸು ಬಂದಲ್ಲಿ ಲಿಖಿತ ಉತ್ತರವನ್ನೂ ದಾಖಲೆಗಳನ್ನೂ ಸಲ್ಲಿಸಬೇಕು. ಆದೇಶವು ಅನ್ಯಾಯವೆನಿಸಿದರೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಬಹುದು. ಬಂಧನದಲ್ಲಿರುವ ವ್ಯಕ್ತಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.