ಮಣ್ಣಿನ ಮದ್ದಿನಿಂದ ತಾನೇ ಕೂಡುವ ಅಣುವಿನವರೆಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಎರಿಹೊಲಗಳಲ್ಲಿ ದುಡಿಯುವವರಿಗೆ ಕಾಲಿಗೆ ಮುಳ್ಳು ಚುಚ್ಚಿ ಗಾಯ ಕೀವು ಕಟ್ಟುವುದು ಹೊಸದಲ್ಲ. ಕೀವು ತರುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಒಂದು ಮದ್ದು ಮಣ್ಣಿನಲ್ಲೇ ಸಿಕ್ಕ ಕಥೆಯಿದು.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ರೆನೆ ಡ್ಯೂಬೊ ಮಣ್ಣಿಗೆ ರೋಗಾಣುಗಳನ್ನು ಬೆರೆಸಿ, ಅವನ್ನು ನಾಶಮಾಡುವ ಜೀವಿ ಅಲ್ಲಿ ಯಾವುದಿದೆಯೆಂದು ಹುಡುಕಿದರು. 1939ರಲ್ಲಿ ಅಂಥ ಒಂದು ಬ್ಯಾಕ್ಟೀರಿಯಾದಿಂದ ಗ್ರಾಮಿಸಿಡಿನ್ ಹೊರಬಂತು. ಅದು ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳು ಸಾಲಾಗಿ ಕೂಡಿದ ಚಿಕ್ಕ ಅಣು. ಹಸುಗಳ ಕೆಚ್ಚಲುಬಾವಿಗೂ ಅದನ್ನು ಪ್ರಯೋಗಿಸಿದರು. ಆದರೆ ರಕ್ತಕ್ಕೆ ಸೇರಿದರೆ ಕೆಂಪು ಕಣಗಳನ್ನೂ ಒಡೆಯುತ್ತಿದ್ದುದರಿಂದ ಮೇಲಿನ ಗಾಯಕ್ಕೆ ಹಚ್ಚುವ ಮದ್ದಾಗಿಯೇ ಉಳಿಯಿತು.

ಅದು ಕೊಲ್ಲುವ ಬಗೆ ಆಮೇಲೆ ತಿಳಿಯಿತು. ಬ್ಯಾಕ್ಟೀರಿಯಾದ ಪೊರೆಯೊಳಗೆ ಎರಡು ಗ್ರಾಮಿಸಿಡಿನ್ ಅಣುಗಳು ತಲೆಗೆ ತಲೆ ಕೂಡಿ ಒಂದು ಕೊಳವೆಯಾಗುತ್ತವೆ. ಅದರ ಮೂಲಕ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಅಂಕೆಯಿಲ್ಲದೆ ಹರಿದು ಜೀವಕೋಶ ಸಾಯುತ್ತದೆ. ಅಣುಗಳು ಯಾರ ನೆರವೂ ಇಲ್ಲದೆ ತಾವಾಗಿಯೇ ಕೂಡುತ್ತವೆ ಎಂಬುದೇ ನನಗೆ ಈ ಚರಿತ್ರೆಯ ತಿರುಳು.

ಇದೇ ದಾರಿಯಲ್ಲಿ ನಮ್ಮ ಬೆಂಗಳೂರೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಗೆ 1973ರಲ್ಲಿ ಬಂದ ಪಿ. ಬಲರಾಮ್, ಶಿಲೀಂಧ್ರದಿಂದ ಸಿಗುವ ಅಲಮೆಥಿಸಿನ್ ಎಂಬ ಪೆಪ್ಟೈಡನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಇದರ ಸುರುಳಿಯಾಕಾರದ ಅಣುಗಳು ಗುಂಪುಗೂಡಿ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ.

ಇಂಥ ಪೆಪ್ಟೈಡುಗಳ ಹುಡುಕಾಟ ಹೊರದೇಶಗಳಲ್ಲೂ ನಡೆದಿತ್ತು. 1987ರಲ್ಲಿ ವಿಜ್ಞಾನಿ ಮೈಕೇಲ್ ಜಾಸ್ಲಾಫ್ ಆಫ್ರಿಕಾದ ಕಪ್ಪೆಯ ಚರ್ಮದಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮ್ಯಾಗೈನಿನ್ ಎಂಬ ಪೆಪ್ಟೈಡನ್ನು ಕಂಡರು. 1993ರಲ್ಲಿ ಅಮೆರಿಕದ ರೆಜಾ ಗದಿರಿ ಉಂಗುರದಾಕಾರದ ಪೆಪ್ಟೈಡುಗಳನ್ನು ತಯಾರಿಸಿದರು. ಎಲ್ಲಮ್ಮನ ಗುಡ್ಡದ ಬಳೆಗಾರರು ಬಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅವು ಸೇರಿ ನಳಿಕೆಯಾದವು. 2001ರಲ್ಲಿ ಅಂಥ ಉಂಗುರಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆಂದು ಇಲಿಗಳಲ್ಲೂ ತೋರಿಸಿದರು. ಬ್ಯಾಕ್ಟೀರಿಯಾದ ಪೊರೆಯ ಹೊರಮೈ ಋಣವಿದ್ಯುತ್ತಿನದು, ನಮ್ಮ ಜೀವಕೋಶದ್ದು ಬಹುಮಟ್ಟಿಗೆ ತಟಸ್ಥ. ಆದ್ದರಿಂದಲೇ ಧನವಿದ್ಯುತ್ತಿನ ಪೆಪ್ಟೈಡ್ ವೈರಿಯನ್ನು ಆರಿಸಿ ಹಿಡಿಯಬಲ್ಲದು. ಈ ಆಯ್ಕೆ ಕೆಟ್ಟರೆ ಮದ್ದೇ ವಿಷ. ಗ್ರಾಮಿಸಿಡಿನ್ ಸೋತದ್ದೂ ಅಲ್ಲಿಯೇ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ಇಂಥ ಪೆಪ್ಟೈಡುಗಳನ್ನು ಅನುಕರಿಸುವ ಸಣ್ಣ ಅಣುಗಳನ್ನು ರೂಪಿಸುತ್ತದೆ. ಅದೇ ಕೇಂದ್ರದ ಟಿ. ಗೋವಿಂದರಾಜು ತಾವಾಗಿಯೇ ಕೂಡುವ ಚಿಕ್ಕ ಪೆಪ್ಟೈಡುಗಳ ಮೇಲೆ ಕೆಲಸ ಮಾಡಿದ್ದಾರೆ.

ಹಾದಿ ಸುಲಭದ್ದಲ್ಲ. ಮ್ಯಾಗೈನಿನ್‌ನಿಂದ ರೂಪಿಸಿದ ಪೆಕ್ಸಿಗನಾನ್, ಸಕ್ಕರೆ ಕಾಯಿಲೆಯವರ ಕಾಲುಹುಣ್ಣಿಗೆ ಹಚ್ಚುವ ಮುಲಾಮು, 1999ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಪಡೆಯಲಿಲ್ಲ. ಆದರೂ 2007ರಲ್ಲಿ ವಿಜ್ಞಾನಿ ಜೋಯೆಲ್ ಷ್ನೈಡರ್ ಅವರ ತಂಡ, ಪೆಪ್ಟೈಡುಗಳು ತಾವೇ ಹೆಣೆದುಕೊಂಡು ಆಗುವ ಜೆಲ್ಲಿನ ಮೇಲ್ಮೈಯಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಕೆಂಪು ರಕ್ತಕಣ ಉಳಿಯುತ್ತದೆ ಎಂದು ತೋರಿಸಿತು. ಡ್ಯೂಬೊ ಅವರ ಮದ್ದಿಗೆ ದಕ್ಕದ ಗುಣ ಇದೇ.