ನೂರಕ್ಕೆ ಎಪ್ಪತ್ತು ಅಂದರೆ ಎಷ್ಟು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಸಾಫ್ಟ್‌ವೇರ್‌ನವನು ಕಂಪ್ಯೂಟರ್ ವಿಷಯ ಮಾತಾಡುತ್ತಾನೆ ಅಂದುಕೊಂಡಿದ್ದರೆ ಕ್ಷಮಿಸಿ. ಸಿಕ್ಕಿರುವ ಐದು ನಿಮಿಷದಲ್ಲಿ ಕಡಲೆಕಾಯಿ ಬೀಜದ ಚೀಲದ ಮೇಲಿರುವ ಒಂದೇ ಒಂದು ಸಂಖ್ಯೆಯ ಬಗ್ಗೆ ಹೇಳುತ್ತೇನೆ.

ಪ್ರಮಾಣಿತ ಕಡಲೆಕಾಯಿ ಬಿತ್ತನೆ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಶೇಕಡ 70. ಅಂದರೆ 1000 ಬೀಜಕ್ಕೆ 700 ಮೊಳಕೆ ನಿರೀಕ್ಷಿಸಬಹುದು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ನಿರೀಕ್ಷಿತ ಮೌಲ್ಯ ಎನ್ನುತ್ತಾರೆ. ಹೆಸರು ದೊಡ್ಡದು, ಲೆಕ್ಕ ಏಳನೇ ತರಗತಿಯದು.

ಲೆಕ್ಕವನ್ನು ತಿರುಗಿಸಿದಾಗ ತೊಡಕು. 1000 ಗಿಡ ಬೇಕು, ಎಷ್ಟು ಬೀಜ ಹಾಕಬೇಕು? ಮೂವತ್ತು ಪರ್ಸೆಂಟ್ ಹೋಗುತ್ತದೆ, ಅಷ್ಟು ಸೇರಿಸಿ 1300 ಹಾಕಿದರಾಯಿತು ಎನ್ನುವವರೇ ಹೆಚ್ಚು. ಆದರೆ 1300ರಲ್ಲಿ ಶೇಕಡ 70 ಅಂದರೆ 910. ತೊಂಬತ್ತು ಗಿಡ ಕಡಿಮೆ. ಹೋಗುವ ಮೂವತ್ತು ಪರ್ಸೆಂಟ್ ನಾವು ಬಿತ್ತಿದ್ದರಲ್ಲಿ ಹೋಗುತ್ತದೆಯೇ ಹೊರತು ನಮಗೆ ಬೇಕಾದದ್ದರಲ್ಲಿ ಅಲ್ಲ. ಆದ್ದರಿಂದ ಕೂಡಿಸುವುದಲ್ಲ, 1000ವನ್ನು 0.70ರಿಂದ ಭಾಗಿಸಬೇಕು. 1429 ಬೀಜ ಬೇಕು. ಇರುವೆ, ಹಕ್ಕಿ, ಹಂದಿಯ ಪಾಲು ಬೇರೆ!

ಇನ್ನೊಂದು ವಿಷಯ ಜಗಳದ್ದು. ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು, ಐದೇ ಮೊಳೆತವು. ಅಂಗಡಿಯವನು ಮೋಸ ಮಾಡಿದನೇ? ನಿಜವಾಗಿ ಶೇಕಡ 70 ಇರುವ ಒಳ್ಳೆಯ ಬೀಜವನ್ನೇ ಹೀಗೆ ಹತ್ತು ಹತ್ತರಂತೆ ನೂರು ಸಲ ಕಟ್ಟಿಟ್ಟರೆ, ಸುಮಾರು 15 ಸಲ ಐದು ಅಥವಾ ಅದಕ್ಕೂ ಕಡಿಮೆ ಮೊಳೆಯುತ್ತವೆ. ಸರಿಯಾಗಿ ಏಳೇ ಮೊಳೆಯುವುದು ಸುಮಾರು 27 ಸಲ ಮಾತ್ರ. ಹಾಗಾಗಿ ಹತ್ತು ಬೀಜ ನಂಬಿ ಯಾರ ಕೊರಳಪಟ್ಟಿಯನ್ನೂ ಹಿಡಿಯಬಾರದು.

ನೂರು ಬೀಜ ಇಟ್ಟರೆ ಮಾತೇ ಬೇರೆ. ಆಗ ಮೊಳಕೆಯ ಸಂಖ್ಯೆ ಬಹುಮಟ್ಟಿಗೆ 61ರಿಂದ 79ರ ಒಳಗೇ ನಿಲ್ಲುತ್ತದೆ. ನೂರಕ್ಕೆ ಐವತ್ತು ಬಂದರೆ ಅದು ಅದೃಷ್ಟದ ಆಟವಲ್ಲ. ಚೀಟಿ, ಬಿಲ್ಲು, ಉಳಿದ ಬೀಜ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಧೈರ್ಯವಾಗಿ ಕೇಳಿ. ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 400 ಬೀಜ ಇಟ್ಟು ನೋಡುತ್ತಾರೆ, ಸುಮ್ಮನೆ ಅಲ್ಲ.

ಗಣಿತದ ಮೇಷ್ಟ್ರಲ್ಲಿ ಒಂದು ವಿನಂತಿ. ಬಿತ್ತನೆಗೆ ಮುಂಚೆ ಒಂಬತ್ತನೇ ತರಗತಿಯ ಮಕ್ಕಳು ಮನೆಮನೆಯಿಂದ ನೂರು ನೂರು ಬೀಜ ತಂದು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು, ಹತ್ತನೇ ದಿನ ಎಣಿಸಿ, ಯಾರ ಮನೆಯ ಬೀಜ ಎಷ್ಟು ಎಂದು ಶಾಲೆಯ ಬೋರ್ಡಿನ ಮೇಲೆ ಬರೆಯಲಿ. ಗೋಣಿಯ ಖರ್ಚು ನಮ್ಮ ಬ್ಯಾಚಿನದು.