ಒಂದು ವಿನೋದಚಿತ್ರವೂ ನಮ್ಮೂರಿನ ಪ್ರೇಕ್ಷಕರೂ

(ವಲಾಂಡಿಯ ನಮ್ಮ ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದ ಎರಡನೆಯ ದಿನ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕನಾದವನು ಶಿಸ್ತು, ಸ್ವಚ್ಛತೆ, ಪರೀಕ್ಷೆ ಎಂಬ ಮೂರು ವಿಷಯಗಳನ್ನು ಕುರಿತು ಮಾತನಾಡುವುದು ವಾಡಿಕೆ. ಈ ಸಲ ಆ ಮೂರಕ್ಕೂ ಒಂದು ದಿನದ ರಜೆ ಕೊಟ್ಟಿದ್ದೇವೆ. ನಿನ್ನೆ ಸಂಜೆ ಇದೇ ಅಂಗಳದಲ್ಲಿ ನಾವೆಲ್ಲರೂ ಕೂಡಿ ನೋಡಿದ ಚಲಚ್ಚಿತ್ರವನ್ನು ಕುರಿತು, ಅದಕ್ಕಿಂತ ಹೆಚ್ಚಾಗಿ ಅದನ್ನು ನೋಡಿದವರನ್ನು ಕುರಿತು, ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ನಿನ್ನೆ ಯಂತ್ರದ ತಂತಿಗೆ ಯಾವ ಮಗುವೂ ಎಡವದಂತೆ ಕಾಯುತ್ತ ನಾವು ಪರದೆಯ ಮಗ್ಗುಲಲ್ಲಿ ನಿಂತಿದ್ದೆವು. ಚಿತ್ರ ನಮಗೆ ಓರೆಯಾಗಿ ಕಾಣುತ್ತಿತ್ತು. ನಿಮ್ಮ ಮುಖಗಳು ಮಾತ್ರ ನೇರವಾಗಿ ಕಾಣುತ್ತಿದ್ದವು. ಆದುದರಿಂದ ನಾವು ನೋಡಿದ್ದು ನಿಮ್ಮನ್ನೇ ಎಂದರೆ ತಪ್ಪಾಗಲಾರದು.

ನಿನ್ನೆ ಬರಲಾಗದಿದ್ದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಚಿತ್ರದ ಹೆಸರು "ಮಿಸ್ಟರ್ ಇಂಡಿಯಾ". 1987ರ ಮೇ ತಿಂಗಳಲ್ಲಿ ತೆರೆಕಂಡ ಈ ಹಿಂದಿ ಚಿತ್ರವು ಆ ವರ್ಷದ ಅತ್ಯಂತ ಯಶಸ್ವಿ ಚಿತ್ರಗಳಲ್ಲಿ ಒಂದು. ನಿರ್ದೇಶಕರು ಶೇಖರ್ ಕಪೂರ್, ಕಥೆ ಸಲೀಂ-ಜಾವೇದ್ ಜೋಡಿಯದು, ಸಂಗೀತ ಲಕ್ಷ್ಮೀಕಾಂತ್-ಪ್ಯಾರೇಲಾಲರದು. ಪಿಟೀಲು ನುಡಿಸಿ ಹೊಟ್ಟೆ ಹೊರೆಯುವ ಅರುಣನೆಂಬ ಬಡವನೊಬ್ಬನು ಅನಾಥ ಮಕ್ಕಳ ಒಂದು ಗುಂಪನ್ನೇ ಸಾಕುತ್ತಿರುತ್ತಾನೆ. ವಿಜ್ಞಾನಿಯಾಗಿದ್ದ ತಂದೆ ನಿರ್ಮಿಸಿದ್ದ, ಕೈಗೆ ಕಟ್ಟಿಕೊಳ್ಳುವ ಚಿಕ್ಕ ಯಂತ್ರವೊಂದು ಅವನಿಗೆ ದೊರೆಯುತ್ತದೆ. ಅದನ್ನು ಕಟ್ಟಿಕೊಂಡವನು ಅದೃಶ್ಯನಾಗುತ್ತಾನೆ; ಕೆಂಪು ಬೆಳಕಿನಲ್ಲಿ ಮಾತ್ರ ಕಣ್ಣಿಗೆ ಬೀಳುತ್ತಾನೆ. ದೇಶವನ್ನೇ ನುಂಗಹೊರಟ ಮೊಗ್ಯಾಂಬೊ ಎಂಬ ದುಷ್ಟನನ್ನು ಅವನು ಎದುರಿಸುವುದೇ ಕಥೆ. ಅನಿಲ್ ಕಪೂರ್, ಶ್ರೀದೇವಿ, ಅಮರೀಶ್ ಪುರಿ ಇದರ ಮುಖ್ಯ ಪಾತ್ರಧಾರಿಗಳು.

ಚಿತ್ರ ಆರಂಭವಾಗುವ ಮುನ್ನ ಒಬ್ಬ ಪಾಲಕರು ನಮ್ಮ ಬಳಿಗೆ ಬಂದು, "ಗುರುಗಳೇ, ಕನ್ನಡ ಶಾಲೆಯಲ್ಲಿ ಹಿಂದಿ ಚಿತ್ರವೇಕೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಇದೇ ಕಥೆಯನ್ನು ಕನ್ನಡಕ್ಕೆ ತಂದು 1989ರಲ್ಲಿ ಅಂಬರೀಶರು ನಾಯಕರಾಗಿ "ಜೈ ಕರ್ನಾಟಕ" ಎಂಬ ಚಿತ್ರ ಬಂದಿತ್ತು. ಅದರ ಒಳ್ಳೆಯ ಪ್ರತಿ ನಮ್ಮ ಕೈಗೆ ಸಿಕ್ಕಲಿಲ್ಲ ಎಂಬುದು ಸುಲಭವಾದ ಉತ್ತರ. ಪೂರ್ಣವಾದ ಉತ್ತರವನ್ನು ನಿನ್ನೆಯ ಪ್ರೇಕ್ಷಕರೇ ಕೊಟ್ಟರು. ಅದನ್ನು ಕೊನೆಗೆ ಹೇಳುತ್ತೇವೆ.

ಮೊದಲು ಮಕ್ಕಳ ಮಾತು. ನಾಯಕನು ಅದೃಶ್ಯನಾಗಿ, ವಸ್ತುಗಳು ತಾವಾಗಿಯೇ ಗಾಳಿಯಲ್ಲಿ ತೇಲತೊಡಗಿದೊಡನೆ ಮುಂದಿನ ಸಾಲಿನ ಚಿಕ್ಕವರು ಎದ್ದು ನಿಂತರು. ಇಬ್ಬರು ಪುಟ್ಟರು ಪರದೆಯ ಹಿಂದೆ ಹೋಗಿ ಇಣುಕಿ ನೋಡಿ ಬಂದರು. ಕಾಣದ ಕೈಯೊಂದು ಹನುಮಂತನ ಮೂರ್ತಿಯಿಂದ ವಿದೇಶೀ ಕಳ್ಳನನ್ನು ಥಳಿಸಿದಾಗ ಎದ್ದ ಕೋಲಾಹಲಕ್ಕೆ ನಮ್ಮ ಶಾಲೆಯ ಹೆಂಚುಗಳು ಹಾರಿಹೋಗದಿದ್ದುದೇ ಆಶ್ಚರ್ಯ! ಏಟು ತಿಂದ ಆ ನಟ ಬಾಬ್ ಕ್ರಿಸ್ಟೊ ನಿಜಜೀವನದಲ್ಲಿ ಆಸ್ಟ್ರೇಲಿಯಾದ ಒಬ್ಬ ಇಂಜಿನಿಯರು; ಕೊನೆಗೆ ನಮ್ಮ ಬೆಂಗಳೂರಿನಲ್ಲಿಯೇ ನೆಲೆಸಿ 2011ರಲ್ಲಿ ಅಲ್ಲಿಯೇ ತೀರಿಕೊಂಡರು. ಪರದೆಯ ಮೇಲೆ ಏಟು ತಿಂದವರೆಲ್ಲ ಕೆಟ್ಟವರಲ್ಲ ಎಂಬುದನ್ನು ಮಕ್ಕಳು ನೆನಪಿಡಬೇಕು.

ಇನ್ನು ತಾಯಂದಿರು. ಶ್ರೀದೇವಿಯವರು ಚಾರ್ಲಿ ಚಾಪ್ಲಿನ್ನನ ವೇಷ ಧರಿಸಿ ಜೂಜುಕಟ್ಟೆಯೊಳಗೆ ನಡೆಸುವ ಪರದಾಟವನ್ನು ನೋಡಿ, ವರ್ಷವೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿ ನಗುವ ನಮ್ಮ ಹೆಣ್ಣುಮಕ್ಕಳು ಸೆರಗನ್ನು ಮರೆತು ನಕ್ಕರು. ಆ ಕಲಾವಿದೆ 2018ರಲ್ಲಿ ನಮ್ಮನ್ನಗಲಿದರು. ಅವರು ನಗಿಸುವುದು ಇನ್ನೂ ನಿಂತಿಲ್ಲ.

ನಮಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಬೇರೊಂದು ಪ್ರಸಂಗ. ಮಕ್ಕಳ ಕಾಲ್ಚೆಂಡು ನಾಯಕಿಯ ಕೈಸೇರಿ, ಅದನ್ನು ಕೊಡು, ಕೊಡಲಾರೆ ಎಂಬ ಜಗಳ ನಡೆಯುತ್ತದಷ್ಟೆ. ಆ ಜಗಳವೆಲ್ಲ ಹಾಡಿನಲ್ಲಿಯೇ ಸಾಗುತ್ತದೆ, ಹಾಡುಗಳಾದರೋ ಹೊಸವಲ್ಲ. ಹಳೆಯ ಹಿಂದಿ ಚಿತ್ರಗೀತೆಗಳ ಧಾಟಿಗಳನ್ನೇ ಒಂದರ ಹಿಂದೊಂದು ಪೋಣಿಸಿ, ಮಾತುಗಳನ್ನು ಮಾತ್ರ ಬದಲಿಸಿ ಮಾಡಿದ ವಿನೋದವದು. ಅಲ್ಲಿ ಮಕ್ಕಳು ನಕ್ಕದ್ದು ಚೆಂಡಿಗಾಗಿ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಂದಿರು, ಅಜ್ಜಿಯರು ಒಂದು ಕ್ಷಣ ಮೊದಲೇ ನಗತೊಡಗಿದ್ದರು. ಧಾಟಿಯ ಮೊದಲ ಎರಡು ಸ್ವರ ಕೇಳಿದೊಡನೆ ಅವರ ಮುಖ ಅರಳುತ್ತಿತ್ತು; ಕೆಲವರು ಮೂಲ ಹಾಡನ್ನೇ ಗುನುಗುತ್ತಿದ್ದರು. ನಮ್ಮ ಐದನೆಯ ತರಗತಿಯ ಹುಡುಗನೊಬ್ಬ ಹಿಂದಿರುಗಿ, "ಅಜ್ಜಾ, ಈ ಹಾಡು ನಿನಗೆ ಮೊದಲೇ ಹೇಗೆ ಬಂತು?" ಎಂದು ಕೇಳಿದ. ಅಜ್ಜ ಉತ್ತರ ಹೇಳಲಿಲ್ಲ. ಮೂಲ ಹಾಡನ್ನೇ ಮೆಲ್ಲಗೆ ಹೇಳಿದರು. ಹುಡುಗ ಅಷ್ಟು ಹೊತ್ತು ಪರದೆಗೆ ಬೆನ್ನು ಮಾಡಿ ಕುಳಿತಿದ್ದ. ಅಜ್ಜ ತನಗಿಂತ ಮುಂಚೆ ಏಕೆ ನಕ್ಕರೆಂಬುದು ಅವನಿಗೆ ಆಗ ತಿಳಿಯಿತು.

ಆ ಬಳಿಕ ನಗೆಯೆಲ್ಲ ನಿಂತ ಒಂದು ಗಳಿಗೆಯೂ ಬಂದಿತು. ಮನೆಯ ಮಕ್ಕಳಲ್ಲೆಲ್ಲ ಚಿಕ್ಕವಳಾದ ಟೀನಾ ದುಷ್ಟರಿಟ್ಟ ಬಾಂಬಿಗೆ ಬಲಿಯಾದಾಗ ಅಂಗಳದಲ್ಲಿ ಯಂತ್ರದ ಸದ್ದೊಂದೇ ಕೇಳುತ್ತಿತ್ತು. ಇಂದು ಮುಂಜಾನೆ ಮೂರನೆಯ ತರಗತಿಯ ಬಾಲಕಿಯೊಬ್ಬಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, "ಗುರುಗಳೇ, ಅವನಿಗೆ ಮಾಯವಾಗಲು ಬರುತ್ತಿತ್ತಲ್ಲ, ಆ ಹುಡುಗಿಯನ್ನು ಏಕೆ ಉಳಿಸಲಿಲ್ಲ?" ಎಂದು ಕೇಳಿದಳು. ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ ಕೂಡಲೇ ಉತ್ತರ ತೋಚಲಿಲ್ಲ. "ಸಂಜೆಯ ಸಭೆಯಲ್ಲಿ ಹೇಳುತ್ತೇವೆ ಮಗೂ" ಎಂದು ಕಳಿಸಿದೆವು. ಅವಳು ಈಗ ಎರಡನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಕೊಟ್ಟ ಮಾತನ್ನು ನಡೆಸಬೇಕಾಗಿದೆ.

ಅದಕ್ಕೆ ಮೊದಲು ಅದೃಶ್ಯವಾಗುವ ವಿದ್ಯೆಯ ನಿಜವನ್ನು ಕೊಂಚ ವಿಚಾರಿಸೋಣ. ನಾವು ಬಿ.ಎ. ಓದಿದವರು, ವಿಜ್ಞಾನವನ್ನು ನಮ್ಮ ವಿಜ್ಞಾನ ಶಿಕ್ಷಕರಿಂದ ಕೇಳಿ ತಿಳಿದು ಹೇಳುತ್ತಿದ್ದೇವೆ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1897ರಲ್ಲಿಯೇ ಅದೃಶ್ಯ ಮನುಷ್ಯನ ಕಾದಂಬರಿಯನ್ನು ಬರೆದನು. ವಸ್ತುವೊಂದು ಕಾಣಬೇಕಾದರೆ ಅದು ಬೆಳಕನ್ನು ಹೀರಬೇಕು, ಇಲ್ಲವೆ ಮರಳಿಸಬೇಕು, ಇಲ್ಲವೆ ಬಾಗಿಸಬೇಕು. ಈ ಮೂರನ್ನೂ ಮಾಡದ ವಸ್ತು ಕಾಣಲಾರದು ಎಂಬುದು ಅವನ ತರ್ಕ. ಇಂದು ಮುಂಜಾನೆ ನಮ್ಮ ಪ್ರಯೋಗಶಾಲೆಯಲ್ಲಿ ಹಿರಿಯ ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ಕಂಡರು. ಬೋರೋಸಿಲಿಕೇಟ್ ಗಾಜಿನ ನಳಿಕೆಯನ್ನು ನೀರಿನಲ್ಲಿ ಮುಳುಗಿಸಿದರೆ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಭಾಗದ ಕುಸುಬೆ ಎಣ್ಣೆಯಲ್ಲಿ ಮುಳುಗಿಸಿದರೆ, ಎಣ್ಣೆ ಒಳಗೂ ತುಂಬಿದೊಡನೆ, ಬಹುಮಟ್ಟಿಗೆ ಮಾಯವಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33; ಆ ಗಾಜಿನದು, ಎಣ್ಣೆಯದು ಎರಡೂ ಸುಮಾರು 1.47. ಎರಡೂ ಬೆಳಕನ್ನು ಒಂದೇ ಸಮನೆ ಬಾಗಿಸುವುದರಿಂದ ಒಂದು ಮುಗಿದು ಇನ್ನೊಂದು ಮೊದಲಾಗುವ ಗೆರೆ ಕಣ್ಣಿಗೆ ತೋರದು. ಚಿತ್ರದ ಕೆಂಪು ಬೆಳಕಾದರೋ ಕಥೆಗಾರರ ಕಲ್ಪನೆಯೇ ಹೊರತು ಬೇರೇನೂ ಅಲ್ಲ.

ಆದರೆ ಅದೃಶ್ಯನಾದವನಿಗೆ ಒಂದು ದೊಡ್ಡ ತೊಡಕುಂಟು. ರಷ್ಯದ ವಿಜ್ಞಾನ ಲೇಖಕ ಯಾಕೊವ್ ಪೆರೆಲ್ಮನ್ ಇದನ್ನು ಸೊಗಸಾಗಿ ವಿವರಿಸಿದ್ದಾನೆ. ನಮ್ಮ ಕಣ್ಣಿಗೆ ನೋಟವುಂಟಾಗುವುದು ಅಕ್ಷಿಪಟವು ಬೆಳಕನ್ನು ಹೀರಿಕೊಳ್ಳುವುದರಿಂದ. ಪೂರ್ತಿ ಅದೃಶ್ಯನಾದವನ ಅಕ್ಷಿಪಟದ ಮೂಲಕವೂ ಬೆಳಕು ನಿಲ್ಲದೆ ಹಾಯ್ದು ಹೋಗುವುದರಿಂದ ಅವನು ಕುರುಡನೇ ಆಗಬೇಕು. ಯಾರಿಗೂ ಕಾಣದವನು ತಾನೂ ಯಾರನ್ನೂ ಕಾಣಲಾರ!

ಈಗ ನಿನ್ನ ಪ್ರಶ್ನೆಗೆ ಬರುತ್ತೇವೆ, ಮಗೂ. ಆ ಯಂತ್ರ ಮನುಷ್ಯನನ್ನು ಮರೆಮಾಡಬಲ್ಲದು, ಅಷ್ಟೇ. ದೂರದಲ್ಲಿ ನಡೆಯುವುದನ್ನು ತಿಳಿಸಲಾರದು. ಒಂದೇ ಕಾಲಕ್ಕೆ ಎರಡು ಕಡೆ ಇರಿಸಲಾರದು. ಯಾವ ಯಂತ್ರವೂ ಅಷ್ಟನ್ನು ಮಾಡಲಾರದು. ಕಥೆಯ ಕೊನೆಯನ್ನು ನೆನಪಿಸಿಕೊ. ಮೊಗ್ಯಾಂಬೊನೊಡನೆ ಕೈಗೆ ಕೈ ಹತ್ತುವ ಹೊತ್ತಿಗೆ ಯಂತ್ರವು ಅರುಣನ ಬಳಿ ಇರುವುದೇ ಇಲ್ಲ. ಎಲ್ಲರ ಕಣ್ಣಿಗೂ ಕಾಣುವ ಸಾಮಾನ್ಯ ಮನುಷ್ಯನಾಗಿಯೇ ಅವನು ಗೆಲ್ಲುತ್ತಾನೆ. ಟೀನಾ ಮರಳಿ ಬರಲಿಲ್ಲ, ನಿಜ. ಅವಳನ್ನು ನೆನೆದು ನಿನ್ನೆ ನೀನು ಅತ್ತೆಯಲ್ಲ, ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ನಗಲು ಬಂದವರು ಒಂದು ಮಗುವಿಗಾಗಿ ಕಣ್ಣೀರು ಹಾಕಿ ಮನೆಗೆ ಹೋದರೆ ಆ ಊರು ಒಳ್ಳೆಯ ಊರೆಂದೇ ನಾವು ತಿಳಿಯುತ್ತೇವೆ.

ನಮ್ಮ ಸ್ವಂತದ ಒಂದು ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. ಈ ಚಿತ್ರವನ್ನು ನಾವು ಮೊದಲು ಕಂಡದ್ದು ಬಾಲ್ಯದಲ್ಲಿ, ಗಣೇಶೋತ್ಸವದ ಒಂದು ರಾತ್ರಿ, ಬಾಡಿಗೆಗೆ ತಂದ ವಿ.ಸಿ.ಆರ್.ನಲ್ಲಿ. ಮರುದಿನ ಪೇಟೆಯಿಂದ ಕೆಂಪು ಜಿಲೇಟಿನ್ ಕಾಗದ ತಂದು, ರಟ್ಟಿನ ಚೌಕಟ್ಟಿಗೆ ಅಂಟಿಸಿ ಕನ್ನಡಕ ಮಾಡಿಕೊಂಡೆವು. ಓಣಿಯ ಹುಡುಗರೆಲ್ಲ ಅದರಲ್ಲಿ ಕಳ್ಳರನ್ನು ಹುಡುಕುತ್ತಿದ್ದರು. ನಾವು ಹುಡುಕಿದ್ದು ಹಿಂದಿನ ವರ್ಷ ತೀರಿಕೊಂಡಿದ್ದ ನಮ್ಮ ಅಜ್ಜಿಯನ್ನು. ಅಡಿಗೆಮನೆಯ ಮೂಲೆಯಲ್ಲಿ ಬೀಸುವ ಕಲ್ಲಿನ ಬಳಿ ಬಹಳ ಹೊತ್ತು ನೋಡಿದೆವು. ಕೆಂಪಾದ ಕಲ್ಲಲ್ಲದೆ ಮತ್ತೇನೂ ಕಾಣಲಿಲ್ಲ. ಸಂಜೆ ನಮ್ಮ ತಾಯಿ ಅದೇ ಕಲ್ಲಿನ ಮುಂದೆ ಕುಳಿತು, ಅಜ್ಜಿ ಹಾಡುತ್ತಿದ್ದ ಬೀಸುವ ಪದವನ್ನು ಅದೇ ಧಾಟಿಯಲ್ಲಿ ಎತ್ತಿದರು. ಕನ್ನಡಕವಿಲ್ಲದೆಯೇ ಅಜ್ಜಿ ಬಂದಂತಾಯಿತು.

ಇದು ನಮ್ಮೊಬ್ಬರ ಅನುಭವವೆಂದು ತಿಳಿದಿದ್ದೆವು. ಪುಣೆಯಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಅಮೇರಿಕದ ಒಂದು ಚಿತ್ರದ ಸಂಗತಿಯನ್ನು ಹೇಳಿದ. ಅದು ಜೇಮ್ಸ್ ಗನ್ ಎಂಬವರು ನಿರ್ದೇಶಿಸಿದ, 2014ರ "ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ". ಅದರಲ್ಲಿ ಆಕಾಶನೌಕೆಗಳುಂಟು, ಮಾತನಾಡುವ ಪ್ರಾಣಿಯುಂಟು, ನಡೆಯುವ ಮರವುಂಟು. ಮೊದಲಿಂದ ಕೊನೆಯವರೆಗೆ ನಗೆಯೂ ಉಂಟು. ನಡುವೆ ಕೇಳಿಸುವ ಹಾಡುಗಳು ಮಾತ್ರ 1960, 1970ರ ದಶಕಗಳವು. ಏಕೆಂದರೆ ಬಾಲ್ಯದಲ್ಲಿಯೇ ಭೂಮಿಯಿಂದ ಅಪಹೃತನಾದ ನಾಯಕನ ಬಳಿ ಉಳಿದಿರುವ ಒಂದೇ ಆಸ್ತಿ, ತೀರಿಕೊಂಡ ತಾಯಿ ತನಗೆ ಪ್ರಿಯವಾದ ಹಾಡುಗಳನ್ನು ತುಂಬಿಕೊಟ್ಟ ಒಂದು ಕ್ಯಾಸೆಟ್ಟು. ಹೊಸ ಹಾಡು ಒಂದೂ ಇಲ್ಲದ ಆ ಗೀತಸಂಗ್ರಹವು 2014ರ ಆಗಸ್ಟಿನಲ್ಲಿ ಅಮೇರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಹಾಡುಗಳು ಬಂದಾಗ ಹುಟ್ಟಿಯೇ ಇರದಿದ್ದ ಮಕ್ಕಳು ಅವನ್ನು ತಮ್ಮವೆಂದು ಹಾಡಿದರು. ನಮ್ಮ ಅಂಗಳದಲ್ಲಿ ನಿನ್ನೆ ಅಜ್ಜನ ಕಡೆಗೆ ತಿರುಗಿ ಕುಳಿತ ಹುಡುಗನು ಮಾಡಿದ್ದೂ ಇದನ್ನೇ.

ಇನ್ನು ಕನ್ನಡ ಶಾಲೆಯಲ್ಲಿ ಹಿಂದಿ ಚಿತ್ರವೇಕೆಂಬ ಪ್ರಶ್ನೆ. 1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋದಾಗ ಉದಗೀರ, ನಿಲಂಗಾ ತಾಲ್ಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಆಗಿನ ಮುಂಬಯಿ ರಾಜ್ಯಕ್ಕೆ ಸೇರಿದವು, 1960ರಲ್ಲಿ ಮಹಾರಾಷ್ಟ್ರಕ್ಕೆ. ಗೆರೆ ಸರಿಯಿತು, ಮನೆಗಳು ಇದ್ದಲ್ಲಿಯೇ ಇದ್ದವು. ನಮ್ಮ ಮಕ್ಕಳು ಸಂತೆಯಲ್ಲಿ ಮರಾಠಿ, ಗೆಳೆಯರೊಡನೆ ದಖನಿ, ಮನೆಯಲ್ಲಿ ಕನ್ನಡ ಆಡುತ್ತಾರೆ. ಹಲವು ಭಾಷೆ ಬಲ್ಲವನಿಗೆ ಹೆಚ್ಚು ಕಡೆ ನಗಲು ಸಾಧ್ಯ. ಅದು ಭಾಗ್ಯವೇ ಹೊರತು ಕೊರತೆಯಲ್ಲ. ಆದರೆ ನಿನ್ನೆಯ ಆ ಗಳಿಗೆಯನ್ನು ದಯವಿಟ್ಟು ಮತ್ತೊಮ್ಮೆ ಆಲೋಚಿಸಿರಿ. ಹಾಡು ಹಿಂದಿಯದು. ಹುಡುಗನು ಅಜ್ಜನನ್ನು ಕೇಳಿದ್ದು ಕನ್ನಡದಲ್ಲಿ. ಆ ಪ್ರಶ್ನೆಯನ್ನು ಕೇಳಲು ಅವನಲ್ಲಿ ಅಜ್ಜನ ಮಾತು ಇಲ್ಲದಿದ್ದರೆ ಅವರಿಬ್ಬರೂ ಒಂದೇ ಚಿತ್ರವನ್ನು ನೋಡುತ್ತ, ಬೇರೆ ಬೇರೆ ಕಾರಣಕ್ಕೆ ನಕ್ಕು, ಒಬ್ಬರಿಗೊಬ್ಬರು ಅದೃಶ್ಯರಾಗಿಯೇ ಮನೆಗೆ ಹೋಗುತ್ತಿದ್ದರು.

ಈ ವರ್ಷ ಕೆಲವು ಪಾಲಕರು ಮಕ್ಕಳ ವರ್ಗಾವಣೆ ಪತ್ರ ಕೇಳಿ ಬಂದಿದ್ದಾರೆ. ಉದ್ಯೋಗದ ಚಿಂತೆ ನಮಗೂ ತಿಳಿಯದ್ದಲ್ಲ; ನಾವು ಯಾರನ್ನೂ ದೂರುವುದಿಲ್ಲ. ಇಂಗ್ಲಿಷನ್ನೂ ಮರಾಠಿಯನ್ನೂ ಇಲ್ಲಿ ಚೆನ್ನಾಗಿ ಕಲಿಸುವ ಹೊಣೆ ನಮ್ಮದು. ಅದರಲ್ಲಿ ನಾವು ತಪ್ಪಿದರೆ ಬಂದು ಕೇಳಿರಿ. ನಿರ್ಧಾರ ಮಾಡುವ ಮುನ್ನ ನಿಮ್ಮ ಮನೆಯ ಹಿರಿಯರನ್ನೂ ಒಂದು ಮಾತು ಕೇಳಿರಿ ಎಂದಷ್ಟೇ ನಮ್ಮ ಬಿನ್ನಹ.

ವಿದ್ಯಾರ್ಥಿಗಳಿಗೆ ಈ ರಜೆಯ ಮನೆಗೆಲಸವೊಂದುಂಟು, ಇದಕ್ಕೆ ಅಂಕಗಳಿಲ್ಲ. ನಿಮ್ಮ ಅಜ್ಜ ಅಥವಾ ಅಜ್ಜಿಯ ಬಳಿ ಕುಳಿತು ಒಂದು ಹಳೆಯ ಹಾಡನ್ನು ಹೇಳಿಸಿಕೊಂಡು, ಅವರ ಮಾತಿನಲ್ಲಿಯೇ ಬರೆದುಕೊಂಡು ಬನ್ನಿರಿ. ಬೀಸುವ ಪದವಾಗಲಿ, ಭಜನೆಯಾಗಲಿ, ಚಿತ್ರಗೀತೆಯಾಗಲಿ ಅಡ್ಡಿಯಿಲ್ಲ. ಮುಂದಿನ ಸಮ್ಮೇಳನದಲ್ಲಿ ಅವುಗಳನ್ನು ಇದೇ ವೇದಿಕೆಯ ಮೇಲೆ ಕೇಳೋಣ.